ಕ್ಷಮೆಯನ್ನು ಪರೀಕ್ಷೆಗೆ ಕೂರಿಸಿದ್ದು

ಬಬಲೇಶ್ವರ, ಹೊರಡುವ ಮುನ್ನ

ನಾನು ದೇವರನ್ನು ನಂಬುವವಳಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ಈ ಪ್ರವಾಸದಲ್ಲಿ ನಾನು ನೋಡಿದ್ದಕ್ಕಿಂತ ವಾದ ಮಾಡಿದ್ದೇ ಹೆಚ್ಚು, ಅದೂ ದೇವರ ಕಡೆಯವರ ಜೊತೆ. ಹೈಸ್ಕೂಲಿನಲ್ಲಿ ಮೂವತ್ತು ವರ್ಷ ವಿಜ್ಞಾನ ಕಲಿಸಿ ನಿವೃತ್ತಳಾದವಳು. ವಿಜಯಪುರ ಜಿಲ್ಲೆಯ ಟಿಕೋಟಾದಲ್ಲಿ ಮನೆ, ಬಿಜ್ಜರಗಿಯಲ್ಲಿ ಮೂರು ಎಕರೆ ದ್ರಾಕ್ಷಿ. ಗಂಡ ತೀರಿಕೊಂಡ ಮೇಲೆ ತೋಟವನ್ನು ನಾನೂ ಮೈದುನ ಗುರಪ್ಪನೂ ನೋಡಿಕೊಳ್ಳುತ್ತೇವೆ. ಗ್ರೀಸ್ ದೇಶದ ಕ್ರೀಟ್ ದ್ವೀಪದಲ್ಲಿ ನಮ್ಮ ಹಾಗೆಯೇ ಒಣದ್ರಾಕ್ಷಿ ಮಾಡುತ್ತಾರಂತೆ, ಹೋಗಿ ನೋಡಿಬರೋಣ ಎಂದು ಗುರಪ್ಪ ಎರಡು ವರ್ಷದಿಂದ ಗಂಟುಬಿದ್ದಿದ್ದ. ಆಗಸ್ಟಿನಲ್ಲಿ ನಮ್ಮ ತೋಟಕ್ಕೆ ಕೆಲಸ ಕಡಿಮೆ, ಅವರಲ್ಲಿ ಕೊಯ್ಲು. ಹೂಂ ಅಂದೆ.

ಹೊರಡಲು ಹದಿನೈದು ದಿನ ಇರುವಾಗ ಎರಡು ಜಂಪರು ಹೊಲಿಸಲು ಬಬಲೇಶ್ವರಕ್ಕೆ ಹೋದೆ. ಅಲ್ಲಿಯ ಟೇಲರ್ ಹೆಂಗಸಿನ ಕೈ ಒಳ್ಳೆಯದು ಎಂದು ಯಾರೋ ಹೇಳಿದ್ದರು. ಅಂಗಡಿಯ ಗೋಡೆಗೆ ಶಿಲುಬೆಯ ಕ್ಯಾಲೆಂಡರ್ ಇತ್ತು. ಹೆಂಗಸು ನನ್ನ ಭುಜಕ್ಕೆ ಟೇಪು ಹಿಡಿದವಳು ಹಾಗೆಯೇ ನಿಂತು ಮುಖ ನೋಡಿದಳು.

"ಅಕ್ಕೋರ, ನನ್ನ ಗುರ್ತ ಹತ್ತಲಿಲ್ಲೇನ್ರಿ? ನಾ ಮಾದೇವಿ."

ಗುರುತು ಹತ್ತಿತು.

ಇಪ್ಪತ್ತೆಂಟು ವರ್ಷದ ಹಿಂದೆ ಬಬಲೇಶ್ವರದ ಹತ್ತಿರದ ಒಂದು ಹಳ್ಳಿಯ ಶಾಲೆಯಲ್ಲಿದ್ದೆ. ಮಾದೇವಿ ಒಂಬತ್ತನೇ ಇಯತ್ತೆ, ಕುರಿ ಕಾಯುವವರ ಮಗಳು, ಗಣಿತದಲ್ಲಿ ಚುರುಕು. ಒಂದು ದಿನ ನನ್ನ ಕೈಗಡಿಯಾರ ಕಾಣೆಯಾಯಿತು. ಸ್ಟಾಫ್ ರೂಮು ಗುಡಿಸಿದವಳು ಅವಳೇ. ಕ್ಲಾಸಿನ ಎದುರು ಅವಳ ಪಾಟಿಚೀಲ ಸುರುವಿದೆ, ಏನೂ ಸಿಗಲಿಲ್ಲ. ಆದರೂ ಕಳ್ಳಿ ಅಂದೆ. ಮೂರು ದಿನ ಬಾಗಿಲ ಹೊರಗೆ ನಿಲ್ಲಿಸಿದೆ. ನಾಲ್ಕನೇ ದಿನ ಅವಳು ಬರಲಿಲ್ಲ, ಮತ್ತೆ ಎಂದೂ ಬರಲಿಲ್ಲ. ಎಂಟು ದಿನದ ಮೇಲೆ ಗಡಿಯಾರ ನನ್ನ ಮನೆಯ ಹಿಟ್ಟಿನ ಡಬ್ಬಿಯಲ್ಲಿ ಸಿಕ್ಕಿತು. ರೊಟ್ಟಿ ಬಡಿಯುವಾಗ ನಾನೇ ಬಿಚ್ಚಿಟ್ಟಿದ್ದೆ. ಯಾರಿಗೂ ಹೇಳಲಿಲ್ಲ. ಹೊಸ ಟೀಚರ್, ಹೆಣ್ಣುಮಗಳು, ಮರ್ಯಾದೆ ಹೋಗುತ್ತದೆ ಎಂದು ಹೆದರಿದೆ. ಮರುವರ್ಷ ವರ್ಗ ಮಾಡಿಸಿಕೊಂಡೆ.

ಮಾದೇವಿ ನಗುತ್ತಲೇ ಅಂದಳು: "ನಾ ನಿಮ್ಮನ್ನ ಯಾವಾಗೋ ಕ್ಷಮಿಸೇನ್ರಿ. ಭಾಳ ವರ್ಷ ಎದ್ಯಾಗ ಬೆಂಕಿ ಇತ್ತು. ಯೇಸಪ್ಪನ ಹಾದಿಗೆ ಬಂದ ಮ್ಯಾಲ ಇಳಿಸಿಬಿಟ್ಟೆ. ಕೇಳಲಿ, ಬಿಡಲಿ, ಕ್ಷಮಿಸಬೇಕಂತ ಆಂವ ಕಲಿಸ್ಯಾನ."

ಮೂಲೆಯಲ್ಲಿ ಹುಕ್ಕು ಹಚ್ಚುತ್ತ ಕೂತಿದ್ದ ಅವಳ ತಾಯಿ ನೀಲವ್ವ ಇದನ್ನು ಕೇಳಿ ಎದ್ದು ಬಂದಳು. ಎರಡೂ ಕೈ ಮುಗಿದಳು. "ಅಕ್ಕೋರ, ನನ್ನ ಮಗಳು ಸಣ್ಣಾಕಿ ಇದ್ಲು, ಬುದ್ಧಿ ಇರಲಿಲ್ಲ. ನಿಮ್ಮ ಗಡಿಯಾರ ತಗೊಂಡಿದ್ದನ್ನ ಹೊಟ್ಟ್ಯಾಗ ಹಾಕ್ಕೊಳ್ರಿ."

ಅಂದರೆ ಈ ತಾಯಿ ಇಪ್ಪತ್ತೆಂಟು ವರ್ಷವೂ ಮಗಳನ್ನು ಕಳ್ಳಿ ಎಂದೇ ನಂಬಿದ್ದಾಳೆ. ಗಡಿಯಾರ ಎಲ್ಲಿ ಸಿಕ್ಕಿತೆಂದು ಗೊತ್ತಿದ್ದದ್ದು ನನಗೊಬ್ಬಳಿಗೆ. ಬಾಯಿ ತೆರೆದೆ. ಬಂದ ಮಾತು ಇದು: "ಇರ್ಲಿ ಬಿಡವ್ವ."

ನಾನು ಕ್ಷಮಿಸಿದೆ! ಬಸ್ಸಿನಲ್ಲಿ ಕೂತ ಮೇಲೆ ನನ್ನ ಮೇಲೆ ಬರಬೇಕಾದ ಸಿಟ್ಟು ಮಾದೇವಿಯ ಯೇಸಪ್ಪನ ಮೇಲೆ ಬಂತು. ಕೇಳದಿದ್ದರೂ ಕ್ಷಮಿಸು ಎನ್ನುವುದು ಎಂಥ ನೀತಿ? ಈ ನೀತಿಯನ್ನು ಸುಮಾರು ಎರಡು ಸಾವಿರ ವರ್ಷ ನಡೆಸಿಕೊಂಡು ಬಂದ ದೇಶಕ್ಕೇ ಹೊರಟಿದ್ದೇನಲ್ಲ, ಅಲ್ಲಿಯೇ ಇದನ್ನು ಪರೀಕ್ಷೆಗೆ ಕೂರಿಸುತ್ತೇನೆ ಎಂದು ಹಟ ಹಿಡಿದೆ.

ವಿಮಾನದಲ್ಲಿ, ಕೆಂಪು ಪೆನ್ನು

ವಿಜಯಪುರದ ಗಾಂಧಿ ಚೌಕದಲ್ಲಿ ಕೊಂಡ ಸೂಟ್‌ಕೇಸಿನ ಗಾಲಿ ಮುಂಬೈ ವಿಮಾನ ನಿಲ್ದಾಣದಲ್ಲೇ ಕಿತ್ತುಬಂತು. ಗುರಪ್ಪ ಅದನ್ನು ಜೋಳದ ಚೀಲದಂತೆ ಬೆನ್ನಿಗೆ ಏರಿಸಿಕೊಂಡು ನಡೆದ. ಜನ ನೋಡಿದರು. "ನೋಡ್ಲಿ ಬಿಡ್ರಿ ವೈನಿ, ನಾವೂ ಅವರನ್ನ ನೋಡಾಕತ್ತೇವಿ" ಎಂದ.

ಜಂಪರು ಕೊಡುವಾಗ ಮಾದೇವಿ ಒಂದು ಸಣ್ಣ ಪುಸ್ತಿಕೆಯನ್ನೂ ಕೈಗಿಟ್ಟಿದ್ದಳು, ಯೇಸುವಿನ ಉಪದೇಶಗಳು ಎಂದು. ವಿಮಾನ ಏರಿದ ಮೇಲೆ ಅದನ್ನು ತೆಗೆದು, ಪರ್ಸಿನಿಂದ ಕೆಂಪು ಪೆನ್ನನ್ನೂ ತೆಗೆದೆ. ಉತ್ತರಪತ್ರಿಕೆ ತಿದ್ದುವ ರೂಢಿ ಕೈಯಿಂದ ಹೋಗಿಲ್ಲ. ನನ್ನ ಅಳತೆಗೋಲು ಒಂದೇ: ದೇವರನ್ನು ತೆಗೆದಿಟ್ಟ ಮೇಲೂ ಮಾತು ತನ್ನ ಕಾಲ ಮೇಲೆ ನಿಲ್ಲುತ್ತದೆಯೇ? ಸ್ವರ್ಗದ ಆಸೆ, ನರಕದ ಭಯ ಎರಡೂ ಇಲ್ಲದ ಮನುಷ್ಯನಿಗೂ ಅದು ಉಪಯೋಗಕ್ಕೆ ಬರುತ್ತದೆಯೇ?

ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದು ಎಂಬಲ್ಲಿ ಹತ್ತಕ್ಕೆ ಹತ್ತು ಕೊಟ್ಟೆ. ನಮ್ಮ ಗುಡಿಗಳಲ್ಲಿ ಒಂದು ಫ್ಯಾನು ಕೊಟ್ಟವರು ಮೂರೂ ರೆಕ್ಕೆಗೆ ಹೆಸರು ಬರೆಸುತ್ತಾರೆ, ಫ್ಯಾನು ತಿರುಗುವಾಗ ಹೆಸರು ಕಾಣುವುದಿಲ್ಲ ಎಂದು ಬಂದ್ ಮಾಡಿಸುವವರೂ ಇದ್ದಾರೆ. ನಾಳೆಯ ಚಿಂತೆ ನಾಳೆಗಿರಲಿ ಎಂಬಲ್ಲಿ ಎರಡು ಅಂಕ. ಇದನ್ನು ಹೇಳಿದವರು ದ್ರಾಕ್ಷಿ ಬೆಳೆದಿರಲಾರರು. ನಾಳೆ ಮಂಜು ಬೀಳುತ್ತದೆ ಎಂದು ಇವತ್ತೇ ಚಿಂತೆ ಮಾಡದಿದ್ದರೆ ಬಿಜ್ಜರಗಿಯಲ್ಲಿ ಒಂದು ಗೊಂಚಲೂ ಉಳಿಯುವುದಿಲ್ಲ. ಒಂದು ಕೆನ್ನೆಗೆ ಹೊಡೆದರೆ ಇನ್ನೊಂದು ಕೆನ್ನೆ ತೋರಿಸು ಎಂಬಲ್ಲಿ ಪೆನ್ನು ನಿಂತಿತು. ಹೊಡೆಯುವವನ ಕೈ ನಾಚಿಸುವ ಧೈರ್ಯ ಅದರಲ್ಲಿದೆ, ಒಪ್ಪುತ್ತೇನೆ. ಆದರೆ ನನ್ನ ಓಣಿಯಲ್ಲಿ ಇನ್ನೊಂದು ಕೆನ್ನೆ ತೋರಿಸಿದ ಸೊಸೆಯಂದಿರಿಗೆ ಆ ಕೆನ್ನೆಗೂ ಬಿದ್ದದ್ದನ್ನೇ ನೋಡಿದ್ದೇನೆ. ನಾಲ್ಕು ಕೊಟ್ಟೆ.

ಎಪ್ಪತ್ತು ಸಲ ಏಳರಷ್ಟು ಕ್ಷಮಿಸು ಎಂಬಲ್ಲಿಗೆ ಬಂದಾಗ ದೊಡ್ಡ ಸೊನ್ನೆ ಎಳೆದೆ, ಕಾಗದ ಹರಿಯುವಷ್ಟು.

ಪಕ್ಕದಲ್ಲಿದ್ದ ಗುರಪ್ಪ ಇಣುಕಿ ನೋಡಿದ. ಮೂರು ಹೊತ್ತು ಲಿಂಗಪೂಜೆ ತಪ್ಪಿಸದವನು. "ವೈನಿ, ನಮ್ಮ ದೇವರನ್ನಂತೂ ಫೇಲ್ ಮಾಡೀರಿ. ಈಗ ಪಾಪ, ಅವರ ದೇವರಿಗೂ ಗಂಟಬಿದ್ರಿ?"

"ಎಲ್ಲರಿಗೂ ಒಂದ ಪೇಪರ" ಅಂದೆ.

ಹೆರಾಕ್ಲಿಯನ್‌ನಿಂದ ಹಳ್ಳಿಗೆ

ಕ್ರೀಟ್‌ನ ದೊಡ್ಡ ಊರಾದ ಹೆರಾಕ್ಲಿಯನ್‌ನಲ್ಲಿ ಇಳಿದ ನಮ್ಮನ್ನು ಕರೆದೊಯ್ದ ಟ್ಯಾಕ್ಸಿಯವನು ದಾರಿಯಲ್ಲಿ ಪ್ರತಿಯೊಂದು ಚರ್ಚು ಬಂದಾಗಲೂ ಸ್ಟಿಯರಿಂಗ್ ಬಿಟ್ಟು ಎದೆಯ ಮೇಲೆ ಮೂರು ಸಲ ಶಿಲುಬೆ ಬರೆದುಕೊಳ್ಳುತ್ತಿದ್ದ. ಗುಡ್ಡದ ರಸ್ತೆ, ಕೆಳಗೆ ಕಮರಿ, ಚರ್ಚುಗಳೋ ನಮ್ಮಲ್ಲಿಯ ಹನುಮಪ್ಪನ ಗುಡಿಗಳಷ್ಟು. ಗುರಪ್ಪನಿಗೆ ಆನಂದವೋ ಆನಂದ. "ನಮ್ಮ ಬಸ್ಸಿನ ಡ್ರೈವರ್ ಇದ್ದಂಗ ಇದ್ದಾನ ನೋಡ್ರಿ" ಎಂದು ಅವನೂ ಕೈ ಮುಗಿಯುತ್ತ ಬಂದ. ದೇವರಿಲ್ಲದ ನಾನೊಬ್ಬಳೇ ರಸ್ತೆಯ ಮೇಲೆ ಕಣ್ಣಿಟ್ಟಿದ್ದೆ.

ಅಲ್ಲಿಯ ಜನ ಇಲ್ಲ ಎನ್ನಲು ಗದ್ದ ಮೇಲೆತ್ತಿ ನಾಲಗೆಯಲ್ಲಿ 'ಚ್' ಎನ್ನುತ್ತಾರೆ. ನಮ್ಮ ಟಿಕೋಟಾದ ಮುದುಕಿಯರು ಮಾಡುವುದೂ ಅದನ್ನೇ. ಇಷ್ಟು ದೂರ ಬಂದು ಮೊದಲು ಅರ್ಥವಾದ ಮಾತು ಇದು.

ನಾವು ಉಳಿದದ್ದು ಕತೆರೀನಾ ಎಂಬವಳ ಮನೆಯಲ್ಲಿ. ನಲವತ್ತರ ಆಸುಪಾಸಿನ ಹೆಣ್ಣು, ಒಬ್ಬಳೇ ತೋಟ ಮಾಡುತ್ತಾಳೆ, ಮೇಲಿನ ಎರಡು ಕೋಣೆಯನ್ನು ಪ್ರವಾಸಿಗರಿಗೆ ಕೊಡುತ್ತಾಳೆ. ಅವಳ ಇಂಗ್ಲಿಷೂ ನನ್ನ ಇಂಗ್ಲಿಷೂ ಶಾಲೆಯಲ್ಲಿ ಕಲಿತದ್ದಾದ್ದರಿಂದ ಇಬ್ಬರಿಗೂ ಚೆನ್ನಾಗಿ ಹೊಂದಿಕೆಯಾಯಿತು. ಮರುದಿನ ಬೆಳಿಗ್ಗೆ ತೋಟಕ್ಕೆ ಕರೆದೊಯ್ದಳು. ಗೊಂಚಲುಗಳನ್ನು ಸೋಡಾದಂಥ ಪುಡಿ ಮತ್ತು ಎಣ್ಣೆ ಕಲಸಿದ ನೀರಿನಲ್ಲಿ ಅದ್ದಿ ತೆಗೆಯುತ್ತಾರೆ, ನಮ್ಮ ಹಾಗೆಯೇ. ಆದರೆ ನಾವು ಶೆಡ್ಡಿನ ನೆರಳಿನಲ್ಲಿ ಬಲೆಯ ಮೇಲೆ ಹರವಿದರೆ ಇವರು ಬಟಾಬಯಲಿನಲ್ಲಿ ಬಿಸಿಲಿಗೇ ಹರವುತ್ತಾರೆ. ಹಣ್ಣು ಕಂದು ಬಣ್ಣಕ್ಕೆ ತಿರುಗುತ್ತದೆ.

"ಹಸರ ಬಣ್ಣ ಹೋಗ್ತೈತಿ ಅಂತ ಹೇಳ್ರಿ ಆಕಿಗೆ" ಎಂದು ಗುರಪ್ಪ ಚಡಪಡಿಸಿದ. ಹೇಳಿದೆ. ಕತೆರೀನಾ ಗದ್ದ ಮೇಲೆತ್ತಿದಳು. 'ಚ್.' ಬಿಸಿಲು ತಿನ್ನದ ದ್ರಾಕ್ಷಿಗೆ ರುಚಿ ಎಲ್ಲಿಯದು ಎಂದಳು. ಗುರಪ್ಪ ಎರಡು ಕಾಳು ಬಾಯಿಗೆ ಹಾಕಿಕೊಂಡ, ಮತ್ತೆ ನಾಲ್ಕು ಹಾಕಿಕೊಂಡ.

ಭಾನುವಾರ, ಚರ್ಚಿನ ಅಂಗಳ

ಭಾನುವಾರ ಊರಿನ ಚರ್ಚಿಗೆ ಕತೆರೀನಾ ಹೋಗುವವಳಿದ್ದಳು. ಮನಸ್ಸಿಲ್ಲದ ಮುಖ. "ನೀವೂ ಬನ್ನಿ, ಜೊತೆಗೆ ಯಾರಾದರೂ ಇದ್ದರೆ ಒಳ್ಳೆಯದು" ಎಂದಳು. ಯಾಕೆಂದು ಕೇಳಲಿಲ್ಲ, ಹೋದೆವು.

ಪ್ರಾರ್ಥನೆ ಮುಗಿದ ಮೇಲೆ ಅಂಗಳದಲ್ಲಿ ಕಪ್ಪು ಬಟ್ಟೆಯ ಹೆಂಗಸೊಬ್ಬಳು ದೊಡ್ಡ ತಾಟು ಹಿಡಿದು ನಿಂತಳು. ತಾಟಿನಲ್ಲಿ ಬೇಯಿಸಿದ ಗೋಧಿ, ಮೇಲೆ ಸಕ್ಕರೆ, ನಡುನಡುವೆ ಒಣದ್ರಾಕ್ಷಿ, ದಾಳಿಂಬೆ, ಬಾದಾಮಿ. ಸಣ್ಣ ಕಾಗದದ ಚೀಲದಲ್ಲಿ ಹಾಕಿ ಒಬ್ಬೊಬ್ಬರಿಗೂ ಕೊಡುತ್ತಿದ್ದರು. ಗುರಪ್ಪನ ಮುಖ ಅರಳಿತು.

"ವೈನಿ, ಗುಗ್ಗರಿ! ತೊಟ್ಟಿಲ ಕಾರ್ಯ ಐತಿ ಇವತ್ತ!"

ನನಗೂ ಹಾಗೆಯೇ ಅನ್ನಿಸಿತು. ನಮ್ಮ ಕಡೆ ಕೂಸಿಗೆ ಹೆಸರಿಟ್ಟು ತೊಟ್ಟಿಲಿಗೆ ಹಾಕಿದ ದಿನ ತಾನೇ ಹೀಗೆ ಗುಗ್ಗರಿ ಹಂಚುವುದು. ನಾನು ತಡೆಯುವುದರೊಳಗೆ ಗುರಪ್ಪ ಚೀಲ ಇಸಿದುಕೊಂಡು, ನಗುನಗುತ್ತ, ತನಗೆ ಬರುವ ಅಷ್ಟೂ ಇಂಗ್ಲಿಷಿನಲ್ಲಿ ಆ ಹೆಂಗಸನ್ನು ಕೇಳಿಬಿಟ್ಟ: ಗಂಡೋ ಹೆಣ್ಣೋ? ಸಾಲದ್ದಕ್ಕೆ ಎರಡೂ ತೋಳು ಸೇರಿಸಿ ಕೂಸು ತೂಗಿ ತೋರಿಸಿದ.

ಕತೆರೀನಾ ಓಡಿಬಂದು ನಮ್ಮಿಬ್ಬರನ್ನೂ ಪಕ್ಕಕ್ಕೆ ಎಳೆದಳು. ಅದು ಸತ್ತವರ ಗುಗ್ಗರಿ. ಆ ಹೆಂಗಸಿನ ಗಂಡ ಮನೋಲಿಸ್ ಸತ್ತು ನಲವತ್ತು ದಿನವಾಗಿತ್ತು. ಗುರಪ್ಪ ಹೋಗಿ ಆ ಹೆಂಗಸಿನ ಎದುರು ತಲೆ ಬಾಗಿಸಿ ಕೈ ಮುಗಿದು ನಿಂತ. ಆಕೆ ಅವನನ್ನು ಒಂದು ಗಳಿಗೆ ನೋಡಿ, ಏನು ತಿಳಿಯಿತೋ, ಕಣ್ಣೀರಿನಲ್ಲೇ ನಕ್ಕು ಅವನ ಕೈಗೆ ಇನ್ನೊಂದು ಚೀಲ ಇಟ್ಟಳು.

ಆಗ ನಾನು ಬೇರೆ ಒಂದನ್ನು ಗಮನಿಸಿದೆ. ಚೀಲ ಇಸಿದುಕೊಳ್ಳುವ ಪ್ರತಿಯೊಬ್ಬರೂ ಏನೋ ಒಂದೇ ಮಾತು ಹೇಳುತ್ತಿದ್ದರು. "ದೇವರು ಅವನನ್ನು ಕ್ಷಮಿಸಲಿ" ಎಂದಂತೆ ಅದರ ಅರ್ಥ. ಅದನ್ನು ಹೇಳಿಯೇ ತಿನ್ನಬೇಕು. ತಾಟು ಕತೆರೀನಾಳ ಎದುರು ಬಂತು. ಅವಳು ಕೈ ಚಾಚಲಿಲ್ಲ. ಗದ್ದ ಮೇಲೆತ್ತಿದಳು. ಊರೆಲ್ಲ ನೋಡುತ್ತಿತ್ತು.

ಹಿಪ್ಪನೇರಳೆ ಮರದ ಕೆಳಗೆ

ಊರ ನಡುವಿನ ಕಾಫಿ ಅಂಗಡಿಯ ಮುಂದೆ ಹಿಪ್ಪನೇರಳೆ ಮರ, ಅದರ ಕೆಳಗೆ ಕುರ್ಚಿಗಳು. ನಮ್ಮ ಊರ ಕಟ್ಟೆ ಇದ್ದ ಹಾಗೆ, ಗಂಡಸರೇ ಹೆಚ್ಚು. ಅಲ್ಲಿ ಕತೆರೀನಾ ತನ್ನ ಕತೆ ಹೇಳಿದಳು.

ಅವಳು ಸಣ್ಣವಳಿದ್ದಾಗ ಊರಿನ ಆಲಿವ್ ತೋಪಿಗೆ ಬೆಂಕಿ ಬಿತ್ತು. ಅವಳ ಅಪ್ಪನೇ ಹಚ್ಚಿದ್ದು, ಕಣ್ಣಾರೆ ಕಂಡೆ ಎಂದು ಮನೋಲಿಸ್ ಇದೇ ಮರದ ಕೆಳಗೆ ನಿಂತು ಹೇಳಿದ. ಅಂದಿನಿಂದ ಸಾಯುವ ತನಕ ಅವಳ ಅಪ್ಪನ ಮೇಜಿಗೆ ಯಾರೂ ಬಂದು ಕೂಡಲಿಲ್ಲ. ದಿನವೂ ಬಂದು ಒಬ್ಬನೇ ಕಾಫಿ ಕುಡಿದು ಹೋಗುತ್ತಿದ್ದ. ಈ ವರ್ಷ ಮನೋಲಿಸ್ ಆಸ್ಪತ್ರೆ ಸೇರಿದಾಗ ಕತೆರೀನಾಳನ್ನು ಕರೆಸಿದ. ಬಾಗಿಲು ಹಾಕಿಸಿದ. ಬೆಂಕಿ ತನ್ನ ಹೊಲದ ಕಸ ಸುಡುವಾಗ ಹತ್ತಿದ್ದು, ಕ್ಷಮಿಸು ಎಂದ. ಮರದ ಕೆಳಗೆ ಹೇಳಿದ್ದನ್ನು ಮರದ ಕೆಳಗೇ ಬಂದು ಬಿಡಿಸು ಎಂದಳು ಇವಳು. ಅವನು ಗೋಡೆ ಕಡೆ ಮುಖ ಮಾಡಿದ. ಹಾಗೆಯೇ ಸತ್ತ.

"ಈಗ ನಾನೇ ಹೇಳಬಹುದು. ಆದರೆ ಮಗಳ ಮಾತನ್ನು ಯಾರು ನಂಬುತ್ತಾರೆ? ಅಪ್ಪನ ಹೆಸರು ತೊಳೆಯುವ ಮಾತು ಆ ಒಬ್ಬನ ಬಾಯಲ್ಲಿತ್ತು. ಅದನ್ನು ತನ್ನ ಜೊತೆಗೇ ಒಯ್ದ" ಎಂದಳು.

ಅಷ್ಟರಲ್ಲಿ ಪಾದ್ರಿ ಬಂದರು. ಎದೆಯುದ್ದ ಬಿಳಿಗಡ್ಡ, ದಣಿದ ಕಣ್ಣು. ಕತೆರೀನಾಳ ಪಕ್ಕ ಕೂತು ಮೆಲ್ಲಗೆ ಏನೋ ಹೇಳಿದರು. ಕ್ಷಮಿಸಿಬಿಡು, ನಿನಗೇ ಹಗುರ ಎಂದರಂತೆ. ನನಗೆ ತಡೆಯಲಾಗಲಿಲ್ಲ. ನಾನು ಹೇಳಿದ್ದನ್ನು ಇವರಿಗೆ ಹೇಳು ಎಂದು ಕತೆರೀನಾಳಿಗೆ ಹೇಳಿದೆ.

"ನೀವು ಪೆಟ್ಟು ತಿಂದವರಿಗೇ ಮತ್ತೆ ಕೆಲಸ ಹಚ್ಚುತ್ತೀರಿ. ಕ್ಷಮಿಸು ಅಂತೀರಿ, ಮರೆ ಅಂತೀರಿ, ಹಗುರಾಗು ಅಂತೀರಿ. ಪೆಟ್ಟು ಕೊಟ್ಟವನಿಗೆ ಏನು ಕೆಲಸ ಹೇಳಿದಿರಿ?"

ನಾನು ಅಷ್ಟುದ್ದ ಮಾತಾಡಿದರೆ ಕತೆರೀನಾ ಎರಡೇ ಪದದಲ್ಲಿ ಮುಗಿಸಿದಳು. ನಯ ಮಾಡಿ ಹೇಳಬೇಡ, ಇದ್ದದ್ದು ಇದ್ದ ಹಾಗೆ ಹೇಳು ಎಂದು ಗದರಿದೆ. ಪಾದ್ರಿ ನಕ್ಕರು. ದ್ವೇಷ ಸುಡುವುದು ಇಟ್ಟುಕೊಂಡವರನ್ನೇ ಎಂದರು.

"ಅದನ್ನು ಒಪ್ಪಿದೆ. ಇವಳು ದ್ವೇಷ ಬಿಡಲಿ, ಒಳ್ಳೆಯದು. ಆದರೆ ಇವಳಪ್ಪ ಇಲ್ಲಿ ಒಬ್ಬನೇ ಕೂತು ಕಾಫಿ ಕುಡಿದದ್ದು ಇವಳು ಕ್ಷಮಿಸಿದರೆ ಹೋಗುತ್ತದೆಯೇ? ಕ್ಷಮೆಯಿಂದ ಇವಳಿಗೆ ನಿದ್ದೆ ಬರಬಹುದು. ಸತ್ಯ ಹೊರಗೆ ಬರುವುದಿಲ್ಲ."

ಪಾದ್ರಿ ಕಾಫಿಯ ಲೋಟವನ್ನು ಪಕ್ಕಕ್ಕಿಟ್ಟರು. ಅವರು ಹೇಳಿದ್ದನ್ನು ಕತೆರೀನಾ ಒಂದೊಂದೇ ಮಾತಾಗಿ ಬಿಡಿಸಿ ಹೇಳಿದಳು. ಪೆಟ್ಟು ಕೊಟ್ಟವನಿಗೂ ಯೇಸು ಕೆಲಸ ಹೇಳಿದ್ದಾನೆ. ನೀನು ಕಾಣಿಕೆ ಹಿಡಿದು ದೇವರ ಮುಂದೆ ನಿಂತಿರುವಾಗ ನಿನ್ನಿಂದ ನೊಂದವನೊಬ್ಬ ಇದ್ದಾನೆ ಎಂದು ನೆನಪಾದರೆ, ಕಾಣಿಕೆಯನ್ನು ಅಲ್ಲಿಯೇ ಕೆಳಗಿಡು. ಮೊದಲು ಅವನ ಹತ್ತಿರ ಹೋಗು. ದೇವರು ಕಾಯುತ್ತಾನೆ.

"ಇದನ್ನು ಚರ್ಚಿನಲ್ಲಿ ಮನೋಲಿಸ್ ಎದುರಿಗೇ ನಾನು ಎಷ್ಟೋ ಸಲ ಓದಿದ್ದೆ" ಎಂದರು ಪಾದ್ರಿ. "ಅವನು ಭಾನುವಾರ ಭಾನುವಾರ ಬಂದು ಮೇಣದ ಬತ್ತಿ ಹಚ್ಚಿ ಹೋಗುತ್ತಿದ್ದ. ಬತ್ತಿ ಹಚ್ಚುವುದು ಸುಲಭ."

ಕೋಣೆಗೆ ಹೋದವಳೇ ಪುಸ್ತಿಕೆ ತೆಗೆದು ಹುಡುಕಿದೆ. ಆ ಮಾತು ಅದರಲ್ಲೂ ಇತ್ತು. ಅದರ ಹಿಂದಿನ ಮಾತಿಗೆ ಅಂಕ ಕೊಟ್ಟಿದ್ದೆ, ಮುಂದಿನದಕ್ಕೂ ಕೊಟ್ಟಿದ್ದೆ. ಇದೊಂದನ್ನು ಮುಟ್ಟಿಯೇ ಇರಲಿಲ್ಲ. ಮೂವತ್ತು ವರ್ಷ ಪೇಪರು ತಿದ್ದಿದವಳು ಒಂದು ಉತ್ತರವನ್ನು ನೋಡಿಯೂ ಬಿಟ್ಟು ಹೋಗಿದ್ದೆ.

ದೇವರನ್ನು ತೆಗೆದಿಟ್ಟು ನೋಡಿದೆ. ಮಾತು ತನ್ನ ಕಾಲ ಮೇಲೆ ನಿಂತಿತು. ನಿಜ ಹೇಳಬೇಕೆಂದರೆ, ದೇವರಿಲ್ಲದವರ ಮೇಲೆ ಇದರ ಭಾರ ಹೆಚ್ಚು. ಮನೋಲಿಸ್‌ಗೆ ಬತ್ತಿ ಹಚ್ಚಿ ಅರ್ಧ ಹಗುರಾಗಲು ಒಂದು ಜಾಗವಾದರೂ ಇತ್ತು. ನನಗೆ ಹೇಳಿಕೊಳ್ಳಲು ಮೇಲೆ ಯಾರೂ ಇಲ್ಲ. ಹೇಳಬೇಕಾದದ್ದು ನೀಲವ್ವನಿಗೆ, ಬೇರೆ ವಿಳಾಸವೇ ಇಲ್ಲ.

ಒಣಗು ಬಯಲಿನಲ್ಲಿ

ಮರುದಿನ ಬೆಳಿಗ್ಗೆ ಕತೆರೀನಾ ಜೊತೆ ದ್ರಾಕ್ಷಿ ತಿರುವಿ ಹಾಕುತ್ತಿದ್ದೆ. ಗುರಪ್ಪ ಆಚೆ ಕೂತು ಕಸ ಆರಿಸುತ್ತಿದ್ದ. ಕತೆರೀನಾ ಕೇಳಿದಳು: "ಕಸ್ತೂರಿ, ನಿನ್ನೆ ನನಗಿಂತ ನಿನಗೇ ಹೆಚ್ಚು ಸಿಟ್ಟು ಬಂದಿತ್ತು. ನಿನಗೆ ಅನ್ಯಾಯ ಮಾಡಿದವರು ಯಾರು?"

"ಯಾರೂ ಇಲ್ಲ. ಮಾಡಿದವಳು ನಾನು" ಅಂದೆ.

ಗಡಿಯಾರ, ಪಾಟಿಚೀಲ, ಹಿಟ್ಟಿನ ಡಬ್ಬಿ, 'ಇರ್ಲಿ ಬಿಡವ್ವ', ಎಲ್ಲವನ್ನೂ ಹೇಳಿದೆ. ಇಪ್ಪತ್ತೆಂಟು ವರ್ಷದಲ್ಲಿ ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ಸಮಾಧಾನ ಹೇಳುತ್ತಾಳೆ ಎಂದು ಒಳಗೊಳಗೇ ಆಸೆ ಇತ್ತು, ಸುಳ್ಳೇಕೆ ಹೇಳಲಿ. ಕತೆರೀನಾ ನನ್ನ ಕಡೆ ನೋಡಲೂ ಇಲ್ಲ. ಕೈಯಲ್ಲಿದ್ದ ದ್ರಾಕ್ಷಿ ಸುರಿದು, ಕೇಳಿದ್ದು ಒಂದೇ:

"ಆ ತಾಯಿ ಬದುಕಿದ್ದಾಳೆಯೇ?"

"ಬದುಕಿದ್ದಾಳೆ."

"ಮತ್ತೆ ಇಲ್ಲೇನು ಮಾಡುತ್ತಿದ್ದೀ?"

ನನಗೆ ಅಳು ಬಂತು. ಅಲ್ಲಿಯೇ ಬಿಸಿಲಲ್ಲಿ ಕೂತು ಅತ್ತೆ. ಗುರಪ್ಪ ಗಾಬರಿಯಾಗಿ ಬಂದ. ಅವನಿಗೂ ಹೇಳಿದೆ. ಮನೆಯವನೇ ಆದರೂ ಅವನಿಗೆ ಹೇಳುವುದು ಹೆಚ್ಚು ಕಷ್ಟವಾಯಿತು. ಅವನು ತಲೆ ಕೆರೆದುಕೊಂಡ. "ವೈನಿ, ನೀವು ದೇವರಿಗೆ ಹೆದರಾಂಗಿಲ್ಲಂತ ನಮ್ಮಣ್ಣ ಹೆಮ್ಮಿಲೆ ಹೇಳ್ತಿದ್ದ. ಒಬ್ಬ ಮುದಿಕಿಗೆ ಹೆದರೀರಿ ಅಂತ ಅವಗ ಗೊತ್ತಿರಲಿಲ್ಲ ಬಿಡ್ರಿ." ಹಲ್ಲಿನ ಮಧ್ಯೆ ಕಲ್ಲು ಸಿಕ್ಕ ಹಾಗಾಯಿತು, ಆದರೆ ಮಾತು ಖರೆ ಇತ್ತು.

ಟಿಕೆಟು ಮುಂಚಿನ ದಿನಕ್ಕೆ ಸಿಗಲಿಲ್ಲ. ಉಳಿದ ನಾಲ್ಕು ದಿನ ಏನು ನೋಡಿದೆನೋ ಸರಿಯಾಗಿ ನೆನಪಿಲ್ಲ. ಸಮುದ್ರ ಇತ್ತು. ಯಾವುದೋ ಹಳೆಯ ಅರಮನೆಯ ಕಂಬಗಳಿದ್ದವು. ನಾನು ಮನಸ್ಸಿನಲ್ಲಿ ಮಾತು ಜೋಡಿಸುತ್ತಿದ್ದೆ. ಹೊಸಬಳಿದ್ದೆ, ಹೆದರಿದ್ದೆ ಎಂಬಂಥ ಕಾರಣಗಳನ್ನು ಒಂದೊಂದಾಗಿ ಕಿತ್ತು ಹಾಕಿದೆ. ಕೊನೆಗೆ ಮೂರು ವಾಕ್ಯ ಉಳಿದವು.

ಮರಳಿ ಬಬಲೇಶ್ವರ

ವಿಜಯಪುರದಲ್ಲಿ ಇಳಿದವಳು ಅಥಣಿ ರಸ್ತೆ ಹಿಡಿದು ಟಿಕೋಟಾಕ್ಕೆ ಹೋಗಲಿಲ್ಲ. ಗುರಪ್ಪನನ್ನು ಗಂಟುಮೂಟೆ ಸಮೇತ ಮನೆಗೆ ಕಳಿಸಿ ನೇರ ಬಬಲೇಶ್ವರದ ಬಸ್ಸು ಹತ್ತಿದೆ.

ಅಂಗಡಿಯಲ್ಲಿ ಗಿರಾಕಿ ಹೆಂಗಸರು ಮೂವರಿದ್ದರು. ಅವರು ಹೋಗಲಿ ಎಂದು ಕಾಯಲಿಲ್ಲ. ನೀಲವ್ವನ ಎದುರು ನಿಂತೆ.

"ನಿನ್ನ ಮಗಳು ಗಡಿಯಾರ ಕದ್ದಿಲ್ಲವ್ವ. ಅದು ನನ್ನ ಮನಿಯಾಗ ಎಂಟ ದಿನಕ್ಕ ಸಿಕ್ಕಿತ್ತು. ಗೊತ್ತಿದ್ದೂ ನಾ ಇಷ್ಟ ವರ್ಷ ಹೇಳಲಿಲ್ಲ."

ಮಾದೇವಿಯ ಹೊಲಿಗೆ ಯಂತ್ರ ನಿಂತಿತು. ನೀಲವ್ವ ನನ್ನನ್ನು ನೋಡಲೇ ಇಲ್ಲ. ಮಗಳ ಕಡೆ ತಿರುಗಿದಳು.

"ಯವ್ವಾ... ಮತ್ತ ನಾ ನಿನ್ನ ಅಷ್ಟ ಬಡದ್ನಲ್ಲ? ತಗೊಂಡಿಲ್ಲ, ತಗೊಂಡಿಲ್ಲ ಅಂತಿದ್ದಿ. ಅಂದಷ್ಟೂ ಬಡೀತಿದ್ನಲ್ಲ?"

ಮಾದೇವಿ ಎದ್ದು ಬಂದು ನನ್ನ ಎದುರು ನಿಂತಳು. ನಗು ಇರಲಿಲ್ಲ.

"ನಾ ಕ್ಷಮಿಸಿದ್ದು ಗೊತ್ತಿಲ್ದ ತಪ್ಪ ಮಾಡಿದ ಅಕ್ಕೋರ್ನ. ಗೊತ್ತಿದ್ದೂ ಸುಮ್ನಿದ್ದಾಕಿ ಬ್ಯಾರೆ. ಆಕಿನ್ನ ಕ್ಷಮಿಸಾಕ ಇವತ್ತ ನನ್ನ ಕೈಲೆ ಆಗೂದಿಲ್ರಿ. ಯೇಸಪ್ಪ ಹೇಳಿದ್ರೂ ಆಗೂದಿಲ್ಲ."

"ಕ್ಷಮಿಸು ಅಂತ ಕೇಳಾಕ ಬಂದಿಲ್ಲ ಮಾದೇವಿ" ಅಂದೆ. "ಇದ್ದದ್ದು ಹೇಳಾಕ ಬಂದೀನಿ. ಎಲ್ಲೆಲ್ಲಿ ಹೇಳಬೇಕಂತ ನೀನ ತೋರಸು, ಅಲ್ಲೆಲ್ಲ ಹೇಳ್ತೀನಿ."

ಅವಳು ಬಾಯಿ ತೆರೆಯುವುದರೊಳಗೆ ನೀಲವ್ವ ಚಪ್ಪಲಿ ಮೆಟ್ಟಿಯಾಗಿತ್ತು. "ಇಲ್ಲಿ ಹೇಳಿದ್ರ ಏನ ಬಂತು? ಕಳ್ಳಿ ಅಂದಿದ್ದು ಊರಾಗ. ನಡೀರಿ" ಎಂದು ನನ್ನ ರಟ್ಟೆ ಹಿಡಿದಳು. ಕೈ ಮುಗಿಯುವ ಕೈ ಅಲ್ಲ ಅದು, ಕುರಿ ಹಿಡಿದು ಪಳಗಿದ ಕೈ. ಮಾದೇವಿ ಅಂಗಡಿಗೆ ಕೀಲಿ ಹಾಕಿದಳು. ಟಂಟಂ ರಿಕ್ಷಾದಲ್ಲಿ ಮೂವರೂ ಹಳ್ಳಿಗೆ ಹೋದೆವು. ದಾರಿಯುದ್ದಕ್ಕೂ ನೀಲವ್ವ ನನ್ನ ರಟ್ಟೆ ಬಿಡಲಿಲ್ಲ.

ಊರ ಕಟ್ಟೆಯ ಮೇಲೆ ಹದಿನೈದು ಇಪ್ಪತ್ತು ಜನ ಕೂತಿದ್ದರು. ಅವರಲ್ಲಿ ಇಬ್ಬರು ಮೂವರು ನನ್ನ ಕೈಯಲ್ಲೇ ಕಲಿತವರು, ಅಕ್ಕೋರು ಬಂದರು ಎಂದು ಎದ್ದು ನಿಂತರು, ಕುರ್ಚಿ ತರಿಸಲು ಹೋದರು. ನೀಲವ್ವ ಅದನ್ನು ತಡೆದಳು.

"ಕುರ್ಚಿ ಬ್ಯಾಡ. ಇವರು ನಿಂತ ಹೇಳ್ತಾರ, ನೀವು ಕುಂತ ಕೇಳ್ರಿ."

ನಾನು ನಿಂತು ಹೇಳಿದೆ.